ಪಟ್ಟಿಯಮ್ಮನ ಸೈಕಲ್ಲಿಗೆ ಹೊಸ ಫೋರ್ಕು

ಬೀದಿಯವರೆಲ್ಲ ಆ ಮನೆಯ ಅತ್ತೆಯನ್ನು ಪಟ್ಟಿಯಮ್ಮ ಎಂದು ಕರೆಯುತ್ತಿದ್ದರು. ಆಸ್ಪತ್ರೆಯ ನರ್ಸಿನ ಕೆಲಸದಿಂದ ನಿವೃತ್ತರಾದ ಮೇಲೂ ಕೈಕಟ್ಟಿ ಕೂರುವ ಜಾಯಮಾನ ಅವರದಲ್ಲ. ಯಾರಿಗೋ ಮಾಯದ ಹುಣ್ಣು, ಯಾರಿಗೋ ಆಪರೇಷನ್ನಿನ ಗಾಯ, ಇನ್ಯಾರಿಗೋ ಬಿಸಿನೀರು ಬಿದ್ದು ಸುಟ್ಟ ಕೈ. ಬೆಳಗಾದರೆ ಸಾಕು, ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಸ್ಟೀಲಿನ ಡಬ್ಬಿ, ಹತ್ತಿ, ಪಟ್ಟಿ, ಔಷಧದ ಸೀಸೆ ತುಂಬಿಕೊಂಡು ಮನೆಮನೆಗೆ ಹೊರಟುಬಿಡುತ್ತಿದ್ದರು. ಅವರು ಸೈಕಲ್ ತುಳಿಯುವುದನ್ನು ನೋಡುವುದೇ ಒಂದು ತಮಾಷೆ. ನಡೆದು ಹೋಗುವವರು ಅವರನ್ನು ಹಿಂದೆ ಹಾಕುತ್ತಿದ್ದರು. ಒಂದು ಕೈ ಹ್ಯಾಂಡಲ್ಲಿನ ಮೇಲೆ, ಇನ್ನೊಂದು ಗಾಳಿಯಲ್ಲಿ. "ಊತ ಇಳೀತಾ?" ಎಂದು ಒಂದು ಬಾಗಿಲಿಗೆ, "ಒದ್ದೆ ಮಾಡ್ಕೋಬೇಡ ಅಂದಿದ್ನಲ್ಲ, ಯಾಕೆ ಪಾತ್ರೆ ತೊಳೀತಿದೀಯ?" ಎಂದು ಇನ್ನೊಂದು ಕಿಟಕಿಗೆ. ಹೀಗೆ ಮಾತಾಡುತ್ತಲೇ ಸೈಕಲ್ಲು ಗಲ್ಲಿಯ ಮೂಲೆ ತಿರುಗುತ್ತಿತ್ತು. ತಿರುಗಿಸಿದ್ದು ಅವರೋ ಸೈಕಲ್ಲೋ ಹೇಳುವುದು ಕಷ್ಟ.

ಆ ಸೈಕಲ್ಲನ್ನು ಮಾಡಿದವರು ಮಾವ. ಮನೆಯ ಮುಂಭಾಗದ ದೊಡ್ಡ ಕೋಣೆಯೇ ಅವರ ಕಾರ್ಖಾನೆ. ಉಕ್ಕಿನ ಕೊಳವೆಗಳನ್ನು ಕತ್ತರಿಸಿ, ಅರದಿಂದ ಉಜ್ಜಿ, ಹಿತ್ತಾಳೆ ಕರಗಿಸಿ ಬೆಸೆದು, ಕೇಳಿದವರ ಅಳತೆಗೆ ಸೈಕಲ್ಲಿನ ಚೌಕಟ್ಟು ಕಟ್ಟಿಕೊಡುವುದು ಅವರ ಕಸುಬು. ಸೊಸೆ ಆ ಮನೆಗೆ ಮೊದಲು ಬಂದದ್ದು ಆ ಕೆಲಸ ಕಲಿಯಲೆಂದು. ಕಲಿಯುತ್ತ ಕಲಿಯುತ್ತ ಮನೆಯ ಮಗನ ಮೇಲೆ ಮನಸ್ಸಾಗಿ ಮದುವೆಯೂ ಆಯಿತು. "ಮೊದಲು ಶಿಷ್ಯೆ, ಆಮೇಲೆ ಸೊಸೆ. ನನ್ನ ಮಗ ಮಧ್ಯದಲ್ಲಿ ಬಂದ ಬಿಡಿಭಾಗ" ಎಂದು ಮಾವ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ರೈಲ್ವೆ ಸಿಗ್ನಲ್ಲಿನ ಕೆಲಸದ ಆ ಮಗನಿಗೆ ಸೈಕಲ್ಲೆಂದರೆ ಅಷ್ಟಕ್ಕಷ್ಟೆ. ಹುಟ್ಟಿದಾಗಿನಿಂದ ಗ್ರೀಸಿನ ವಾಸನೆ ಕುಡಿದು ಸಾಕಾಗಿದೆ ಎನ್ನುತ್ತಿದ್ದ.

ಮಾವ ತೀರಿಕೊಂಡು ವರ್ಷ ಕಳೆದಿತ್ತು. ಕಾರ್ಖಾನೆ ಸೊಸೆಯ ಕೈಗೆ ಬಂದಿತ್ತು; ಕೆಲಸಕ್ಕೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಊಟದ ಮೇಜಿನಲ್ಲಿ. ಮಾವ ಇದ್ದಷ್ಟು ದಿನ ಅತ್ತೆಯ ಮಾತು ಸೊಸೆಗೆ, ಸೊಸೆಯ ಮಾತು ಅತ್ತೆಗೆ ಅವರ ಮೂಲಕವೇ ಹಾದುಹೋಗುತ್ತಿತ್ತು. ಅವರು ಎದ್ದು ಹೋದ ಮೇಲೆ ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೆಂಟರ ಹಾಗೆ ನೋಡಿಕೊಳ್ಳತೊಡಗಿದರು. ಸಾರು ಹೇಗಿದೆ ಎಂದರೆ "ಚೆನ್ನಾಗಿದೆಯಮ್ಮ". ಕಿಟಕಿಗೆ ಹೊಸ ಪರದೆ ಹಾಕಲೇ ಎಂದರೆ "ಹಾಕಮ್ಮ, ಚೆನ್ನಾಗಿರತ್ತೆ". ಬೀದಿಯಲ್ಲಿ ಎಲ್ಲರನ್ನೂ ಗದರಿಸಿಕೊಂಡು ಓಡಾಡುವ ಬಾಯಿ ಮನೆಯ ಹೊಸ್ತಿಲು ದಾಟಿದರೆ ಮೆತ್ತಗಾಗುತ್ತಿತ್ತು. ಜಗಳ ಆಡಿದ್ದರೂ ಇಷ್ಟು ಕಷ್ಟ ಆಗುತ್ತಿರಲಿಲ್ಲ ಎಂದು ಸೊಸೆಗೆ ಎಷ್ಟೋ ಸಲ ಅನ್ನಿಸಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ನಿಂತಿದ್ದ ವ್ಯಾನಿನ ಬಾಗಿಲು ಫಕ್ಕನೆ ತೆರೆದುಕೊಂಡು, ಪಕ್ಕದಲ್ಲಿ ಹೋಗುತ್ತಿದ್ದ ಅತ್ತೆಯ ಸೈಕಲ್ಲು ಗೋಡೆಗೆ ಹೋಗಿ ಗುದ್ದಿತು. ಪುಣ್ಯಕ್ಕೆ ದೊಡ್ಡ ಪೆಟ್ಟೇನೂ ಆಗಲಿಲ್ಲ. ಮೊಣಕೈ ತರಚಿತು, ಮಣಿಕಟ್ಟು ಉಳುಕಿತು. ಅವರ ಕೈಗೆ ಅವರೇ ಪಟ್ಟಿ ಕಟ್ಟಿಕೊಂಡು, ವ್ಯಾನಿನ ಚಾಲಕನಿಗೆ ಸರಿಯಾಗಿ ಬೈದು, ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿಕೊಂಡು ತಳ್ಳುತ್ತ ಮನೆಗೆ ಬಂದರು. ಸೊಸೆ ನೋಡಿದಳು. ಮುಂದಿನ ಚಕ್ರವನ್ನು ಹಿಡಿದುಕೊಳ್ಳುವ ಫೋರ್ಕಿನ ಎರಡೂ ಕಾಲು ಮೇಲ್ಗಡೆ ಬುಡದಲ್ಲಿ ಸುಕ್ಕುಗಟ್ಟಿ ಹಿಂದಕ್ಕೆ ಮಡಚಿದ್ದವು. ಚಕ್ರ ಬಂದು ಚೌಕಟ್ಟಿಗೆ ತಾಗುತ್ತಿತ್ತು.

"ಇದನ್ನೇ ನೆಟ್ಟಗೆ ಮಾಡೋಕಾಗಲ್ವಾ?" ಎಂದು ಅತ್ತೆ ಕೇಳಿದರು. ಕೇಳುವಾಗ ಅವರ ಉಳುಕಿದ ಕೈ ಫೋರ್ಕಿನ ಮೇಲಿತ್ತು.

"ನೆಟ್ಟಗೇನೋ ಮಾಡಬಹುದು ಅತ್ತೆ, ನಂಬೋಕಾಗಲ್ಲ. ಒಂದು ಸಲ ಮಡಚಿದ ಉಕ್ಕು ಯಾವಾಗ ಮುರಿಯತ್ತೋ ಗೊತ್ತಾಗಲ್ಲ. ಹೊಸದು ಮಾಡಿಕೊಡ್ತೀನಿ."

"ಆಯ್ತಮ್ಮ. ನಿನಗೆ ಹೇಗೆ ಸರಿ ಅನ್ಸತ್ತೋ ಹಾಗೆ" ಎಂದು ಅತ್ತೆ ಒಳಗೆ ಹೋದರು. ಆ ಹಳೆಯ ಫೋರ್ಕನ್ನು ಮಾಡುವಾಗ ಮಾವನ ಮೀಸೆಯ ತುದಿ ಸುಟ್ಟಿತ್ತೆಂಬ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆ ಅದನ್ನು ಆ ದಿನ ಹೇಳಲಿಲ್ಲ.

ಸೊಸೆ ಕೆಲಸಕ್ಕೆ ಕೂತಳು. ಮನಸ್ಸಿನಲ್ಲಿ ಇದ್ದದ್ದು ಒಂದೇ, ಈ ಹೆಂಗಸು ಇನ್ನೊಮ್ಮೆ ಬೀಳಬಾರದು. ಮಾವ ಕಲಿಸಿದ ಮೊದಲ ಪಾಠ ಅವಳಿಗೆ ಬಾಯಿಪಾಠ. ಫೋರ್ಕಿನ ಮೇಲಿನ ಕೊಳವೆಯ ಜಾಡನ್ನೇ ಹಿಡಿದು ಒಂದು ಉದ್ದನೆಯ ಕೋಲನ್ನು ಓರೆಯಾಗಿ ನೆಲಕ್ಕೆ ಚಾಚಿದರೆ, ಅದು ನೆಲ ಮುಟ್ಟುವ ಜಾಗ ಒಂದು. ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ಕೆಲವು ಬೆರಳು ಹಿಂದೆ. ಆ ಅಂತರಕ್ಕೆ ಮಾವ ಬಾಲ ಎನ್ನುತ್ತಿದ್ದರು. ಆಫೀಸಿನ ಕುರ್ಚಿಯ ಕೆಳಗಿನ ಪುಟ್ಟ ಗಾಲಿ ಹೇಗೆ ಹಿಂದೆ ಬಿದ್ದು ಕುರ್ಚಿ ಹೋದ ಕಡೆಗೇ ಮುಖ ಮಾಡುತ್ತದೆಯೋ, ಹಾಗೆ ಈ ಬಾಲ ಚಕ್ರವನ್ನು ನೆಟ್ಟಗೆ ಎಳೆದು ನಿಲ್ಲಿಸುತ್ತದೆ. ಫೋರ್ಕಿನ ಕಾಲು ಮುಂದಕ್ಕೆ ಬಾಗಿದಷ್ಟೂ ಬಾಲ ಗಿಡ್ಡ, ಸೈಕಲ್ಲು ಚುರುಕು. ಬಾಗು ಕಮ್ಮಿ ಮಾಡಿದರೆ ಬಾಲ ಉದ್ದ, ಸೈಕಲ್ಲು ಗಂಭೀರ. ಅತ್ತೆಯ ಹಳೆಯ ಫೋರ್ಕಿನ ಬಾಗು ನೋಡಿ ಸೊಸೆಗೆ ಆಶ್ಚರ್ಯವಾಗಿತ್ತು. ಅಷ್ಟು ಬಾಗಿದ್ದನ್ನು ಅವಳು ಯಾವ ಗಿರಾಕಿಗೂ ಮಾಡಿರಲಿಲ್ಲ. ಇಷ್ಟು ಗಿಡ್ಡ ಬಾಲದ ಸೈಕಲ್ಲನ್ನು ಈ ವಯಸ್ಸಿನಲ್ಲಿ ತುಳಿಯುತ್ತಿದ್ದರೇ ಎಂದು ಅವಳಿಗೆ ಭಯವಾಯಿತು. ಅದಕ್ಕೇ ಬಾಗನ್ನು ಬೇಕೆಂದೇ ಕಮ್ಮಿ ಮಾಡಿದಳು. ಅವಸರದಲ್ಲಿ ಬೆರಳಿನ ತುದಿಯೂ ಸುಟ್ಟಿತು. ಪರವಾಗಿಲ್ಲ. ಬೆಸುಗೆ ಮಾತ್ರ ನೀರಿನ ಹಾಗೆ ಹರಿದು ಕೂತಿತ್ತು. ಖಾಲಿ ಬುಟ್ಟಿಯ ಸೈಕಲ್ಲನ್ನು ದೊಡ್ಡ ರಸ್ತೆಯಲ್ಲಿ ಜೋರಾಗಿ ಓಡಿಸಿ ನೋಡಿದಳು. ಎರಡೂ ಕೈ ಬಿಟ್ಟರೂ ಬಾಣದಂತೆ ಹೋಯಿತು.

ಅತ್ತೆ ಹತ್ತಿ ಒಂದು ಸುತ್ತು ಹಾಕಿ ಬಂದರು. "ಚೆನ್ನಾಗಿದೆಯಮ್ಮ" ಎಂದರು. ಸೊಸೆಯ ಸುಟ್ಟ ಬೆರಳು ಹಿಡಿದು ನೋಡಿ, ಮುಲಾಮು ಹಚ್ಚಿ, ಪಟ್ಟಿ ಸುತ್ತಿದರು.

ಆಮೇಲಿನ ದಿನಗಳಲ್ಲಿ ಅತ್ತೆ ಮಧ್ಯಾಹ್ನ ಮನೆಗೆ ಬರುವುದು ತಡವಾಗತೊಡಗಿತು. ಕೇಳಿದರೆ, ಗಾಯಗಳು ಜಾಸ್ತಿ ಎನ್ನುತ್ತಿದ್ದರು. ಒಂದು ದಿನ ಸೊಸೆ ರಿಪೇರಿಯಾದ ಚಕ್ರವೊಂದನ್ನು ಗಿರಾಕಿಗೆ ತಲುಪಿಸಿ ಬರುತ್ತಿದ್ದಾಗ, ಒಂದು ಗಲ್ಲಿಯ ತುದಿಯಲ್ಲಿ ಅತ್ತೆ ಕಂಡರು. ಸಪಾಟಾದ ರಸ್ತೆ, ಏರಿಲ್ಲ, ಗುಂಡಿಯಿಲ್ಲ, ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಆದರೂ ಅತ್ತೆ ಸೈಕಲ್ಲಿನಿಂದ ಇಳಿದು, ಎರಡೂ ಕೈಯಲ್ಲಿ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು, ಅದನ್ನು ತಳ್ಳಿಕೊಂಡು ಹೋಗುತ್ತಿದ್ದರು. ಯಾರೋ ಬಾಗಿಲಲ್ಲಿ ನಿಂತು ಕೂಗಿದರು. ಅತ್ತೆ ಕೈ ಎತ್ತಲಿಲ್ಲ. ಬರೀ ತಲೆ ಆಡಿಸಿದರು.

ಸೊಸೆ ಅಲ್ಲಿಂದಲೇ ಹಿಂದಕ್ಕೆ ತಿರುಗಿದಳು. ಇನ್ನೊಂದು ದಾರಿಯಲ್ಲಿ ಮನೆಗೆ ಬಂದಳು.

ಸಂಜೆ ಗಂಡನಿಗೆ ಹೇಳಿದಳು. "ಅತ್ತೆ ಸೈಕಲ್ಲು ತುಳೀತಾ ಇಲ್ಲ, ತಳ್ತಾ ಇದಾರೆ. ನನ್ನ ಹತ್ರ ಮಾತ್ರ ಚೆನ್ನಾಗಿದೆ ಅಂತಾರೆ."

"ಕೇಳು ಮತ್ತೆ."

"ಕೇಳಿದೆ. ಮೊಣಕಾಲು ನೋವಂತೆ."

"ಅಮ್ಮನ ಮೊಣಕಾಲು ನನ್ನ ಮೊಣಕಾಲಿಗಿಂತ ಗಟ್ಟಿ" ಎಂದ ಗಂಡ. ಆಮೇಲೆ ನಗು ಬಿಟ್ಟು, "ನೀನು ಅವಳನ್ನ ಕೇಳಬೇಡ, ಸೈಕಲ್ಲನ್ನ ಕೇಳು. ಅದಕ್ಕೆ ದಾಕ್ಷಿಣ್ಯ ಇರಲ್ಲ" ಎಂದ. ಸೈಕಲ್ಲಿನ ವಿಷಯದಲ್ಲಿ ಅವನ ಬಾಯಿಂದ ಬಂದ ಮೊದಲ ಕೆಲಸಕ್ಕೆ ಬರುವ ಮಾತು ಅದು.

ಮರುದಿನ ಭಾನುವಾರ. ಅತ್ತೆ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಾಗ, ಸೊಸೆ ಬುಟ್ಟಿಯಲ್ಲಿ ಅವರ ಡಬ್ಬಿ, ಸೀಸೆ ಎಲ್ಲವನ್ನೂ ಅವರು ಇಡುವಂತೆಯೇ ಇಟ್ಟುಕೊಂಡು ಹೊರಟಳು. ದೊಡ್ಡ ರಸ್ತೆಗೆ ಹೋಗಲಿಲ್ಲ. ಅತ್ತೆ ಹೋಗುವ ಗಲ್ಲಿಗಳಲ್ಲೇ, ಅತ್ತೆ ಹೋಗುವಷ್ಟೇ ನಿಧಾನವಾಗಿ, ಬಾಗಿಲು ಬಾಗಿಲು ನೋಡುತ್ತ ತುಳಿದಳು. ಮೊದಲ ತಿರುವಿನಲ್ಲೇ ಗೊತ್ತಾಯಿತು. ಹ್ಯಾಂಡಲ್ಲನ್ನು ಒಂದಿಷ್ಟು ತಿರುಗಿಸುವಷ್ಟರಲ್ಲಿ ಚಕ್ರ ತಾನಾಗಿ ಇನ್ನಷ್ಟು ವಾಲಿತು, ನಿದ್ದೆಗಣ್ಣಿನ ಮಗುವಿನ ತಲೆ ಹೆಗಲಿಗೆ ಬೀಳುವ ಹಾಗೆ. ಬುಟ್ಟಿಯ ಭಾರ ಅದನ್ನು ಮತ್ತೂ ಎಳೆಯಿತು. ನೆಟ್ಟಗೆ ಮಾಡಲು ಹೋದರೆ ಇನ್ನೊಂದು ಕಡೆಗೆ ಬಿತ್ತು. ಪರಿಚಯದ ದರ್ಜಿಯ ಕಿಟಕಿಯತ್ತ ಒಂದು ಕೈ ಎತ್ತಿದಳೋ ಇಲ್ಲವೋ, ಸೈಕಲ್ಲು ಸೊಟ್ಟಗೆ ತಿರುಗಿ ಅವನ ಬಾಗಿಲ ಮೆಟ್ಟಿಲಿಗೆ ಹೋಗಿ ಮುಖ ಕೊಟ್ಟಿತು. ಡಬ್ಬಿ ಉರುಳಿ ಕತ್ತರಿ ಚಿಮಟ ಎಲ್ಲ ರಸ್ತೆಪಾಲು.

ಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ದರ್ಜಿ ಕುಂಟುತ್ತ ಹೊರಬಂದ. "ನಿಮ್ಮತ್ತೇನೂ ಹೋದ ವಾರ ಇಲ್ಲೇ ಬಿದ್ರು" ಎಂದ. "ಸೊಸೆಗೆ ಹೇಳ್ಬೇಡ ಅಂದಿದ್ರು. ನೀವೇ ಸೊಸೆ ಅಲ್ವಾ? ಹೇಳ್ಬಾರ್ದಿತ್ತೇನೋ."

ವೇಗದಲ್ಲಿ ಕಾಪಾಡುವ ಉದ್ದನೆಯ ಬಾಲ, ನಿಧಾನವಾಗಿ ಹೋಗುವಾಗ ಚಕ್ರವನ್ನು ಪಕ್ಕಕ್ಕೆ ಕೆಡಹುತ್ತದೆ ಎಂಬುದು ಅವಳಿಗೆ ಗೊತ್ತಿರದ ವಿಷಯವೇನಲ್ಲ. ಓದಿದ್ದಳು, ಗಿರಾಕಿಗಳಿಗೆ ವಿವರಿಸಿಯೂ ಇದ್ದಳು. ಆದರೆ ಫೋರ್ಕು ಮಾಡುವಾಗ ಅವಳ ಕಣ್ಣೆದುರು ಇದ್ದದ್ದು ಬೀಳುವ ಅತ್ತೆ. ಗಲ್ಲಿಯಲ್ಲಿ ಮಾತಾಡುತ್ತ ತೆವಳುವ ಅತ್ತೆಯಲ್ಲ. ಮಾವ ಅಷ್ಟೊಂದು ಬಾಗು ಕೊಟ್ಟದ್ದು ಹಳೆಯ ಕಾಲದ ರೂಢಿಯಿಂದಲೂ ಅಲ್ಲ, ಕೈತಪ್ಪಿಯೂ ಅಲ್ಲ. ಅವರು ಹೆಂಡತಿಯ ಬುಟ್ಟಿಯನ್ನೂ ಬಾಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಸೊಸೆಯ ತರಚಿದ ಮೊಣಕೈ ನೋಡಿದ್ದೇ ಎದ್ದರು.

"ಎಲ್ಲಿ ಬಿದ್ದೆ?"

"ದರ್ಜಿ ಮನೆ ಮುಂದೆ. ನೀವು ಬಿದ್ದ ಜಾಗದಲ್ಲೇ."

ಅತ್ತೆಯ ಮುಖ ಸಣ್ಣಗಾಯಿತು. ಬಿಸಿನೀರು ತಂದು, ಕುರ್ಚಿ ಎಳೆದುಕೊಂಡು, ಗಾಯ ತೊಳೆಯತೊಡಗಿದರು.

"ಯಾಕತ್ತೆ ಹೇಳಲಿಲ್ಲ? ನಾನು ಮಾಡಿದ್ದು ಸರಿಯಿಲ್ಲ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ."

"ಹೇಗೆ ಹೇಳಲಿ? ಕೈ ಸುಟ್ಕೊಂಡು ಮಾಡಿದ್ದೆ. ಪಾಪ ಅನ್ನಿಸ್ತು."

"ನೀವು ಮಾವನಿಗೂ ಹೀಗೇ ಪಾಪ ಅಂತಿದ್ರಾ?"

ಅತ್ತೆಯ ಕೈ ನಿಂತಿತು. ಆಮೇಲೆ ಅವರಿಗೇ ತಡೆಯಲಾಗದೆ ನಗು ಬಂತು. "ಅವರಿಗಾ? ಮದುವೆಯಾದ ಹೊಸದರಲ್ಲಿ ಒಂದು ಸೈಕಲ್ಲು ಮಾಡಿ ತಂದು ನಿಲ್ಲಿಸಿದ್ರು. ಕನ್ನಡಿ ಹಂಗೆ ಮಿರಮಿರ ಅಂತಿತ್ತು. ಒಂದು ಸುತ್ತು ಹೋಗಿ ಬಂದು, ಇದೇನು ಸೈಕಲ್ಲೋ ಕತ್ತೆಯೋ, ಇದನ್ನ ನೀವೇ ತುಳೀರಿ ಅಂತ ಬಾಗಿಲಿಗೆ ಒರಗಿಸಿ ಒಳಗೆ ಹೋದೆ. ಆ ಮನುಷ್ಯ ಊಟ ಬಿಟ್ಟು ಕೂತ್ಕೊಂಡು ಇನ್ನೊಂದು ಮಾಡಿದ್ರು. ಅದನ್ನೂ ಬೈದೆ. ಅದಾದ ಮೇಲಿನದು ಇದು."

"ನನಗೂ ಹಾಗೇ ಬೈಯ್ರಿ."

"ನೀನು ಬೇರೆ ಮನೆಯಿಂದ ಬಂದೋಳಮ್ಮ…"

"ಮಾವ ಮಾತ್ರ ಇದೇ ಮನೇಲಿ ಹುಟ್ಟಿದ್ರಾ? ಅವರೂ ನಿಮಗೆ ಬೇರೆ ಮನೆಯವರೇ ಅಲ್ವಾ?" ಸೊಸೆ ಬಿಡಲಿಲ್ಲ. "ಅವರು ಹೋದಮೇಲೆ ಈ ಮನೇಲಿ ಯಾರೂ ನನ್ನನ್ನ ಗದರಿಸಿಲ್ಲ ಅತ್ತೆ. ಕೆಲಸ ಸರಿಯಿದೆಯೋ ಇಲ್ವೋ ಹೇಳೋಕೆ ಒಂದು ಜೀವ ಇಲ್ಲ."

ಅತ್ತೆ ಅವಳ ಮುಖವನ್ನು ನೋಡಿದರು. ಆಸ್ಪತ್ರೆಯಲ್ಲಿ ಅವರು ರೋಗಿಗಳನ್ನು ಹಾಗೆ ನೋಡುತ್ತಿದ್ದಿರಬೇಕು. ನೋವು ಎಲ್ಲಿದೆ ಎಂದು ಹೇಳಲು ಬಾರದವರನ್ನು. ಆಮೇಲೆ ಪಟ್ಟಿಯ ಗಂಟನ್ನು ಬೇಕಾದ್ದಕ್ಕಿಂತ ಒಂದು ಚೂರು ಬಿಗಿಯಾಗಿಯೇ ಎಳೆದು, "ದರಿದ್ರ ಸೈಕಲ್ಲು ಅದು" ಎಂದರು. "ಎಮ್ಮೆ ಮೂಗುದಾರ ಹಿಡ್ಕೊಂಡು ಹೋದಂಗಾಗತ್ತೆ. ನಾನು ಒಂದು ಕಡೆ ಅಂದ್ರೆ ಅದು ಎರಡು ಪಟ್ಟು ಆ ಕಡೆ. ಕೈಯೆಲ್ಲ ನೋವು ನನಗೆ."

"ಸರಿ" ಎಂದು ಸೊಸೆ ಮೂಗು ಒರೆಸಿಕೊಂಡು ಎದ್ದಳು. ಬಟಾಣಿ ಹಾಗೇ ಉಳಿಯಿತು.

ಸರಿಯಾದ ಬಾಗು ಯಾವುದೆಂದು ಊಹೆ ಮಾಡುವ ಗೋಜಿಗೆ ಅವಳು ಈ ಸಲ ಹೋಗಲಿಲ್ಲ. ಪ್ರಯೋಗಕ್ಕೆಂದೇ ಒಂದು ಕುರೂಪಿ ಫೋರ್ಕು ಮಾಡಿದಳು. ನೆಟ್ಟಗಿನ ಎರಡು ಕಾಲು, ತುದಿಯಲ್ಲಿ ಮುಂದಕ್ಕೆ ಚಾಚಿದ ದಪ್ಪ ತಗಡು, ಆ ತಗಡಿನಲ್ಲಿ ಸಾಲಾಗಿ ಕಚ್ಚುಗಳು. ಚಕ್ರದ ಅಚ್ಚನ್ನು ಒಂದು ಕಚ್ಚಿನಿಂದ ಮುಂದಿನ ಕಚ್ಚಿಗೆ ಸರಿಸಿದಷ್ಟೂ ಬಾಲ ಗಿಡ್ಡವಾಗುತ್ತ ಹೋಗುತ್ತದೆ. ಚಕ್ರ ಸರಿದಾಡುವುದರಿಂದ ಮುಂದಿನ ಬ್ರೇಕು ಕೂರುವುದಿಲ್ಲ, ಹಾಗಾಗಿ ಅದನ್ನು ಕಳಚಿ ಹಿಂದಿನದನ್ನೇ ನಂಬಿಕೊಂಡರು. ಬೀದಿಯ ಕೊನೆಯಲ್ಲಿದ್ದ ಗೋದಾಮಿನ ಮುಂದೆ ಕಾಂಕ್ರೀಟಿನ ಅಗಲವಾದ ಅಂಗಳ, ರಜೆಯ ದಿನ ಅಲ್ಲಿ ಯಾರೂ ಇರುವುದಿಲ್ಲ. ಖಾಲಿ ಬಣ್ಣದ ಡಬ್ಬಗಳನ್ನು ಅಲ್ಲಲ್ಲಿ ಇಟ್ಟು ಸೊಸೆ ಒಂದು ಗಲ್ಲಿಯನ್ನೇ ಮಾಡಿದಳು. ಗಂಡನನ್ನು ತಿರುವಿನಲ್ಲಿ ನಿಲ್ಲಿಸಿದರು, ಬಾಗಿಲಲ್ಲಿ ನಿಂತ ರೋಗಿಯೆಂದು.

"ಏನು ಮಾಡ್ಬೇಕು ನಾನು?"

"ಸುಮ್ನೆ ನಿಂತ್ಕೊಂಡು ಏನಾದ್ರೂ ನೋವು ಹೇಳು."

"ಹಲ್ಲು ನೋವು ಪಟ್ಟಿಯಮ್ಮ!" ಎಂದು ಅವನು ಕೂಗಿದ.

"ಹಲ್ಲಿಗೆ ಪಟ್ಟಿ ಕಟ್ಟಲ್ಲ ಕಣೋ, ಬಾಯಿಗೆ ಕಟ್ತೀನಿ" ಎಂದು ಅತ್ತೆ ಕೈ ಎತ್ತಿ ಗದರಿಸುತ್ತ ಹೋದರು. ಸೈಕಲ್ಲು ಓಲಾಡಿ ಎರಡು ಡಬ್ಬ ಉರುಳಿಸಿತು. "ಇನ್ನೂ ಎಮ್ಮೆಯೇ!"

ಸೊಸೆ ಮಂಡಿಯೂರಿ ಕೂತು ಅಚ್ಚನ್ನು ಮುಂದಕ್ಕೆ ಸರಿಸಿ ನಟ್ಟು ಬಿಗಿದಳು. ಅತ್ತೆ ಹತ್ತಿದರು, ಬೈದರು, ಇಳಿದರು. ಮತ್ತೆ ಸರಿಸಿದಳು. ಒಂದು ಹಂತದಲ್ಲಿ ಅತ್ತೆಯ ಬೈಗುಳ ನಿಂತಿತು. ಹುಬ್ಬು ಗಂಟಿಕ್ಕಿಕೊಂಡು ಇನ್ನೊಂದು ಸುತ್ತು ತಾವಾಗಿಯೇ ಹೋದರು. "ಇದು ಪರವಾಗಿಲ್ಲ, ಹೇಳಿದ ಮಾತು ಕೇಳತ್ತೆ." ಸೊಸೆ ಆಸೆಯಿಂದ ತೀರ ಮುಂದಿನ ಕಚ್ಚಿಗೆ ಹಾಕಿದಳು. ಅತ್ತೆ ಹೊರಟವರು ಅಂಗಳದ ಅರ್ಧಕ್ಕೇ "ಅಯ್ಯಯ್ಯೋ" ಎಂದು ಕಾಲು ಊರಿದರು. "ಕೋಳಿ ನೊಣ ಹಿಡಿದಂಗೆ ಆಡತ್ತೆ ಇದು! ನಾನು ಸೀನಿದ್ರೂ ತಿರುಗಿಬಿಡತ್ತೆ." ಅವರ ಮುಖ ನೋಡಿ ಸೊಸೆಗೆ ನಗು ಉಕ್ಕಿತು. ಅತ್ತೆಗೂ ಬಂತು. ಹ್ಯಾಂಡಲ್ಲಿನ ಮೇಲೆ ಬಾಗಿ, ಹೊಟ್ಟೆ ಹಿಡಿದುಕೊಂಡು, ಸೊಸೆಯ ಹೆಗಲು ಹಿಡಿದು ನಕ್ಕರು. ಹಲ್ಲುನೋವಿನ ರೋಗಿ ತಿರುವಿನಲ್ಲಿ ನಿಂತು ಬೆಪ್ಪಾಗಿ ನೋಡುತ್ತಿದ್ದ.

ಮನೆಯಿಂದ ಹೊರಡುವಾಗ ಸೊಸೆ ಮಾವನ ಹಳೆಯ ಫೋರ್ಕನ್ನೂ ಚೀಲದಲ್ಲಿ ಹಾಕಿ ತಂದಿದ್ದಳು. ಕಾಲಿನ ಬುಡ ಮಡಚಿದ್ದರೂ ಕೆಳಗಿನ ಬಾಗು ಹಾಗೇ ಇತ್ತು. ಅದನ್ನು ತಗಡಿನ ಪಕ್ಕಕ್ಕೆ ಹಿಡಿದು, ಗೆರೆ ಎಳೆದು ಅಳೆದು, ಮಾವನ ಬಾಗು ಯಾವ ಕಚ್ಚಿಗೆ ಸಮ ಎಂದು ಕಂಡುಹಿಡಿದಳು. "ಅತ್ತೆ, ಇದೇ ಮಾವ ಮಾಡಿದ್ದು. ಇದರಲ್ಲಿ ಹೋಗಿ ನೋಡಿ" ಎಂದಳು. ಅಚ್ಚನ್ನು ಆ ಕಚ್ಚಿಗೆ ಬಿಗಿದಳು.

ಅತ್ತೆ ನಿಧಾನವಾಗಿ ಹೋದರು. ಡಬ್ಬಗಳ ನಡುವೆ ಹಾವಿನಂತೆ ನುಸುಳಿ, ಮಗನ ಹತ್ತಿರ ಕೈ ಎತ್ತಿ, ತಿರುಗಿ ಬಂದರು. ಇಳಿಯಲಿಲ್ಲ. ಇನ್ನೊಂದು ಸುತ್ತು ಹೋದರು. ಬಂದು ನಿಂತಾಗ ಕಣ್ಣು ಒದ್ದೆಯಾಗಿತ್ತು.

"ಅವರದೇ" ಎಂದರು. "ಇದೇ. ಯಾರೋ ಪಕ್ಕದಲ್ಲಿ ಹ್ಯಾಂಡಲ್ಲು ಮುಟ್ಕೊಂಡು ನಡ್ಕೊಂಡು ಬಂದ ಹಾಗೆ."

ಸೊಸೆ ಸೀಮೆಸುಣ್ಣದಿಂದ ಆ ಕಚ್ಚಿಗೆ ಗುರುತು ಹಾಕಲು ಹೋದಳು. ಅತ್ತೆ ಅವಳ ಕೈ ಹಿಡಿದು ತಡೆದರು.

"ಬೇಡ. ಅದಕ್ಕಿಂತ ಒಂದು ಕಚ್ಚು ಹಿಂದೆ ಹಾಕು. ಮುಂಚೆ ಒಂದು ಪರವಾಗಿಲ್ಲ ಅಂದೆನಲ್ಲ, ಅದು."

"ಯಾಕತ್ತೆ? ಇದೇ ನಿಮ್ಮದು ಅಂದ್ರಲ್ಲ."

"ನನ್ನದೇ. ಆದ್ರೆ ಇದನ್ನ ಮಾಡಿಸಿಕೊಂಡೋಳಿಗೆ ಆಗ ನಿನ್ನ ವಯಸ್ಸು. ಆಗ ಇಷ್ಟು ಚುರುಕು ಬೇಕಿತ್ತು. ಈಗ ಸ್ವಲ್ಪ ಜಾಸ್ತಿಯೇ ಆಗತ್ತೆ, ಕೆಲವು ವರ್ಷದಿಂದಾನೇ ಆಗ್ತಿತ್ತು. ಅವರಿಗೆ ಹೇಳ್ಬೇಕು ಅನ್ಕೊಂಡೆ, ಅಷ್ಟರಲ್ಲಿ ಅವರ ಆರೋಗ್ಯ ಕೆಟ್ಟಿತು. ಆಮೇಲೆ ಹೇಳೋ ಮನಸ್ಸಾಗಲಿಲ್ಲ." ಅವರು ಹಳೆಯ ಫೋರ್ಕನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಚೀಲದಲ್ಲಿಟ್ಟರು. "ಈಗಿನ ನನಗೆ ನೀನು ಮಾಡಿಕೊಡು."

ಸೊಸೆ ಮಾಡಿದಳು. ಈ ಸಲ ಅತ್ತೆ ಕಾರ್ಖಾನೆಯ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಾವ ಹೋದಮೇಲೆ ಅವರು ಆ ಕೋಣೆಗೆ ಬಂದು ಕೂತದ್ದು ಅದೇ ಮೊದಲು. ಬಾಗಿಸುವ ಅಚ್ಚಿನ ಮೇಲೆ ಕೊಳವೆ ನಿಧಾನವಾಗಿ ಬಾಗುವುದನ್ನೂ, ಹಿತ್ತಾಳೆ ಕರಗಿ ಸಂದಿಯೊಳಗೆ ಇಳಿಯುವುದನ್ನೂ ಕಣ್ಣರಳಿಸಿ ನೋಡಿದರು. ನಡುನಡುವೆ "ಬೆರಳು ಜೋಪಾನ" ಎನ್ನುತ್ತಿದ್ದರು. ಬಣ್ಣ ಯಾವುದು ಎಂದು ಕೇಳಿದ್ದಕ್ಕೆ, ಸೊಸೆ ತೋರಿಸಿದ ನೀಲಿಯನ್ನು ಆಸ್ಪತ್ರೆಯ ಬೆಡ್‌ಶೀಟಿನ ಬಣ್ಣ ಎಂದು ತಳ್ಳಿಹಾಕಿ, ಕೆಂಪು ಆರಿಸಿದರು.

ಆ ಕೆಂಪು ಫೋರ್ಕಿನ ಸೈಕಲ್ಲು ಗಲ್ಲಿಗಳಲ್ಲಿ ಮತ್ತೆ ತೆವಳತೊಡಗಿತು. ಸೊಸೆ ಒಂದು ದಿನ ದರ್ಜಿಯ ಬೀದಿಯ ತುದಿಯಲ್ಲಿ ನಿಂತು ನೋಡಿದಳು. ಅತ್ತೆ ಕಿಟಕಿಯೊಳಗೆ ತಲೆ ಹಾಕಿ ಅವನಿಗೆ ಏನೋ ಬೈಯುತ್ತಲೇ ತಿರುವು ದಾಟಿದರು. ಮುಂದಿನ ಚಕ್ರ ಸದ್ದಿಲ್ಲದೆ ಅವರ ಜೊತೆ ತಿರುಗಿತು.

ಆ ಬೇಸಿಗೆಯಲ್ಲಿ ಕಾರ್ಖಾನೆಗೆ ಹೊಸ ಬಗೆಯ ಗಿರಾಕಿಗಳು ಬರತೊಡಗಿದರು. ಕಾಲು ವಾಸಿಯಾದ ದರ್ಜಿ, ಬ್ರೆಡ್ಡು ಹೊತ್ತು ಮಾರುವವನು, ಸೊಂಟದ ಆಪರೇಷನ್ನಾದ ಮೇಲೆ ಮತ್ತೆ ಸೈಕಲ್ಲು ಹತ್ತಬೇಕೆಂದಿದ್ದ ಲೈಬ್ರರಿಯ ಹೆಂಗಸು. ಎಲ್ಲರನ್ನೂ ಕಳಿಸಿದ್ದು ಅತ್ತೆಯೇ. ಗಿರಾಕಿಗಳು ಬಂದಾಗ ಸೊಸೆ ಬೆಸುಗೆಯ ಟಾರ್ಚು ಹಿಡಿದು ಕೆಲಸದಲ್ಲಿದ್ದರೆ, ಬಾಗಿಲ ಬಳಿಯ ಸ್ಟೂಲಿನಿಂದ ಅತ್ತೆಯ ವಿಚಾರಣೆ ಶುರುವಾಗುತ್ತಿತ್ತು. "ಎಲ್ಲಿ ತುಳೀತೀರಿ? ದೊಡ್ಡ ರಸ್ತೆಯೋ, ಗಲ್ಲಿಯೋ? ಮುಂದೆ ಭಾರ ಎಷ್ಟು? ಕೈ ಬಿಟ್ಟು ಮಾತಾಡೋ ಅಭ್ಯಾಸ ಇದೆಯಾ? ಸುಳ್ಳು ಹೇಳ್ಬೇಡಿ, ಸೈಕಲ್ಲಿಗೆ ಗೊತ್ತಾಗತ್ತೆ." ಬೆಂಕಿಯ ಸುಯ್ಯೆನ್ನುವ ಸದ್ದಿನ ನಡುವೆ ಸೊಸೆ ಆ ಉತ್ತರಗಳನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತ, ಕರಗುತ್ತಿದ್ದ ಹಿತ್ತಾಳೆಯ ಮೇಲಿಂದ ಕಣ್ಣು ತೆಗೆಯದೆ ಕೆಲಸ ಮುಂದುವರಿಸುತ್ತಿದ್ದಳು.